‘ಸಿ’ ಡ್ರೈವ್ ಕೆಂಪಾಯ್ತಾ? ಫಾರ್ಮ್ಯಾಟ್ ಬೇಡ, ಮೊದಲು ತೂಕ ನೋಡಿ

ಮೇ ತಿಂಗಳ ಮಧ್ಯಾಹ್ನ. ಕಲಬುರಗಿ ಬಿಸಿಲಿನ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ, ನಾಯಿಗಳೂ ನೆರಳು ಬಿಟ್ಟು ಕದಲುವುದಿಲ್ಲ. ಅಂಥ ಹೊತ್ತಲ್ಲಿ ಅಕ್ಕನ ಮಗಳು ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೇರಿಸಿಕೊಂಡು ಬಂದಳು. ನೀರು ಕುಡಿಯುವ ಮೊದಲೇ ಶುರು ಮಾಡಿದಳು. ‘ಮಾಮಾ, ಇದರಾಗ ಜಾಗಾನೇ ಇಲ್ಲ ಅಂತದ. ಅಂಗಡ್ಯಾಗ ತೋರ್ಸಿದ್ರ ಫಾರ್ಮ್ಯಾಟ್ ಮಾಡ್ಬೇಕು ಅಂದ್ರು. ನನ್ನ ಪರೀಕ್ಷೆದು ಎಲ್ಲಾ ಇದರಾಗೇ ಅದ.’

ಫಾರ್ಮ್ಯಾಟ್ ಎಂದರೆ ಡ್ರೈವ್ ಪೂರ್ತಿ ಒರೆಸಿ ಹೊಸದಾಗಿ ವಿಂಡೋಸ್ ಹಾಕುವುದು. ಮನೆಯಲ್ಲಿ ಸಾಮಾನು ಜಾಸ್ತಿಯಾಯಿತು ಅಂತ ಮನೆಯನ್ನೇ ಕೆಡವಿದ ಹಾಗೆ. ಜಾಗ ಸಾಲದ್ದಕ್ಕೆ ಫಾರ್ಮ್ಯಾಟ್ ಬೇಕಾಗುವುದು ತೀರಾ ಅಪರೂಪ. ಅವಳ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇರುವ ‘ಸಿ’ ಡ್ರೈವ್ ತುಂಬಿ ಅದರ ಪಟ್ಟಿ ಕೆಂಪಾಗಿತ್ತು, 2 ಜಿಬಿ ಮಾತ್ರ ಉಳಿದಿತ್ತು. ಸಂಜೆ ಚಹಾ ಹೊತ್ತಿಗೆ ಖಾಲಿ ಜಾಗ 144 ಜಿಬಿಗೆ ಏರಿತ್ತು. ಹೇಗೆ ಅಂತ ಹೇಳುತ್ತೇನೆ. ವಿಂಡೋಸ್ 11 ಇಟ್ಟುಕೊಂಡು ಹೇಳುತ್ತಿದ್ದೇನೆ. ವಿಂಡೋಸ್ 10 ಇದ್ದರೂ ದಾರಿ ಹೆಚ್ಚುಕಡಿಮೆ ಇದೇ.

ಅದಕ್ಕೂ ಮೊದಲು ಅವಳು ಕೇಳಿದ ಒಂದು ಪ್ರಶ್ನೆ. ‘ಡಬ್ಬಿ ಮ್ಯಾಲ 256 ಜಿಬಿ ಅಂತ ಬರದದ, ಇಲ್ಲಿ 238 ಅಷ್ಟೇ ತೋರಸ್ತದ. ಮೋಸ ಅಲ್ಲೇನು?’ ಮೋಸವಲ್ಲ, ಲೆಕ್ಕದ ಪದ್ಧತಿ ಬೇರೆ. ಡ್ರೈವ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಹಾಗಾಗಿ 256 ಎಂದದ್ದು 238 ಆಗಿ, 512 ಎಂದದ್ದು ಸುಮಾರು 476 ಆಗಿ ಕಾಣುತ್ತದೆ. ಆ 18 ಜಿಬಿ ಹುಡುಕುತ್ತಾ ಕೂರಬೇಡಿ.

ಮೊದಲು ಅಳೆಯಿರಿ

ಎಲ್ಲರೂ ಮಾಡುವ ತಪ್ಪು ಒಂದೇ. ಜಾಗ ಇಲ್ಲ ಎಂದ ಕೂಡಲೇ ಕಣ್ಣಿಗೆ ಬಿದ್ದದ್ದನ್ನು ಡಿಲೀಟ್ ಮಾಡುತ್ತಾ ಹೋಗುತ್ತಾರೆ. ನಮ್ಮ ಹುಡುಗಿ ಎರಡು ರಾತ್ರಿ ಕೂತು ನೂರಾರು ಪಿಡಿಎಫ್ ಅಳಿಸಿದ್ದಳು. ಎಲ್ಲಾ ಸೇರಿ ಅರ್ಧ ಜಿಬಿಯೂ ಇರಲಿಲ್ಲ. ಭಾರ ಇರುವುದು ಎರಡು ಮೂರು ಕಡೆ ಮಾತ್ರ. ಅದು ಎಲ್ಲಿ ಅಂತ ಮೊದಲು ಗೊತ್ತಾಗಬೇಕು.

ಸೆಟ್ಟಿಂಗ್ಸ್ ತೆರೆಯಿರಿ. ಸಿಸ್ಟಂ, ಅದರೊಳಗೆ ಸ್ಟೋರೇಜ್. ಒಂದು ಉದ್ದ ಪಟ್ಟಿ ಕಾಣುತ್ತದೆ. ಕೆಳಗೆ ಆ್ಯಪ್‌ಗಳಿಗೆ ಎಷ್ಟು, ಟೆಂಪರರಿ ಫೈಲ್ಸ್ ಎಷ್ಟು ಅಂತ ಬರೆದಿರುತ್ತದೆ. ‘ಶೋ ಮೋರ್ ಕ್ಯಾಟಗರೀಸ್’ ಒತ್ತಿದರೆ ಇನ್ನಷ್ಟು ವಿವರ ಬರುತ್ತದೆ. ಒಂದು ಚೀಟಿ ತೆಗೆದುಕೊಂಡು ಬರೆದುಕೊಳ್ಳಿ. ನಾವು ಬರೆದದ್ದು ಹೀಗಿತ್ತು: ಅವಳ ಅಣ್ಣನ ಮದುವೆ ವಿಡಿಯೊ 76, ಡೌನ್‌ಲೋಡ್ಸ್ 41, ತಮ್ಮ ಹಾಕಿಕೊಂಡ ಒಂದು ಗೇಮ್ 34, ಹಳೇ ವಿಂಡೋಸ್ 21, ರೀಸೈಕಲ್ ಬಿನ್ 9, ಟೆಂಪರರಿ ಕಸ 5. ವಿಂಡೋಸ್ ಮತ್ತು ಉಳಿದ ಪ್ರೋಗ್ರಾಂಗಳಿಗೆ 45, ಚಿಲ್ಲರೆ ಒಂದು 5. ಚೀಟಿ ನೋಡಿ ಅವಳೇ ನಕ್ಕಳು. ಪರೀಕ್ಷೆಯ ಪಿಡಿಎಫ್‌ಗಳು ಈ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಫೋಲ್ಡರ್ ಲೆಕ್ಕ ಕಣ್ಣಿಗೆ ಕಾಣಬೇಕು ಎನ್ನುವವರಿಗೆ ವಿನ್‌ಡಿರ್‌ಸ್ಟ್ಯಾಟ್ ಎಂಬ ಉಚಿತ ಪ್ರೋಗ್ರಾಂ ಇದೆ. ಡ್ರೈವ್ ಪೂರ್ತಿಯನ್ನು ಊರಿನ ಸರ್ವೆ ನಕಾಶೆಯ ಹಾಗೆ ಬಣ್ಣಬಣ್ಣದ ತುಂಡುಗಳಾಗಿ ತೋರಿಸುತ್ತದೆ. ದೊಡ್ಡ ತುಂಡು ಎಂದರೆ ದೊಡ್ಡ ಫೈಲ್. ಅದು ಬೇಡ ಎಂದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲೇ ‘ಸಿ’ ಡ್ರೈವ್ ತೆರೆದು, ಹುಡುಕುವ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿ ಎಂಟರ್ ಒತ್ತಿ. ಮೇಲೆ ಸರ್ಚ್ ಆಪ್ಷನ್ಸ್ ಬರುತ್ತದೆ. ಅದರಲ್ಲಿ ಸೈಜ್, ಆಮೇಲೆ ‘ಜೈಗ್ಯಾಂಟಿಕ್’. 4 ಜಿಬಿಗಿಂತ ದೊಡ್ಡ ಫೈಲ್‌ಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಅವುಗಳಲ್ಲಿ ವಿಂಡೋಸ್‌ನದೇ ಫೈಲ್‌ಗಳೂ ಇರಬಹುದು. ಅವನ್ನು ನೋಡಿ ಸುಮ್ನೆ ಬಿಡಿ.

ಕಸ ಮೊದಲು

ಈಗ ಸುಲಭದ ಕೆಲಸ. ಡಿಲೀಟ್ ಒತ್ತಿದ ಫೈಲ್ ಎಲ್ಲಿಯೂ ಹೋಗಿರುವುದಿಲ್ಲ, ರೀಸೈಕಲ್ ಬಿನ್‌ನಲ್ಲಿ ಕೂತಿರುತ್ತದೆ. ಜಾಗವೂ ಹಾಗೇ ಹಿಡಿದಿರುತ್ತದೆ. ಬಿನ್ ತೆರೆದು ಒಮ್ಮೆ ಕಣ್ಣಾಡಿಸಿ, ಬೇಕಾದ್ದು ಇಲ್ಲ ಎಂದಾದ ಮೇಲೆ ಖಾಲಿ ಮಾಡಿ.

ನಂತರ ಸ್ಟೋರೇಜ್ ಪುಟದಲ್ಲಿ ಟೆಂಪರರಿ ಫೈಲ್ಸ್ ಒತ್ತಿ. ಪಟ್ಟಿಯೊಂದು ಬರುತ್ತದೆ: ಅಪ್‌ಡೇಟ್ ಆದ ಮೇಲೆ ಉಳಿದ ಕಸ, ಥಂಬ್‌ನೇಲ್‌ಗಳು, ಅಪ್‌ಡೇಟ್ ಹಂಚಿಕೊಳ್ಳಲು ಇಟ್ಟುಕೊಂಡ ಡೆಲಿವರಿ ಆಪ್ಟಿಮೈಸೇಶನ್ ಫೈಲ್‌ಗಳು. ಇವೆಲ್ಲ ಹೋದರೆ ಏನೂ ಆಗುವುದಿಲ್ಲ. ಥಂಬ್‌ನೇಲ್ ಅಳಿಸಿದರೆ ಫೋಟೊ ಹೋಗುತ್ತದೆ ಎಂಬ ಹೆದರಿಕೆ ಕೆಲವರಿಗಿದೆ. ಫೋಟೊ ಹೋಗುವುದಿಲ್ಲ, ಚಿಕ್ಕ ಚಿತ್ರ ಮತ್ತೆ ತಾನೇ ತಯಾರಾಗುತ್ತದೆ.

ಆದರೆ ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಅಂತಲೂ ಒಂದು ಸಾಲು ಇರುತ್ತದೆ. ಅದು ಕಸವಲ್ಲ, ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ಪೂರ್ತಿ. ಅದಕ್ಕೆ ಟಿಕ್ ಹಾಕಬೇಡಿ. ಇದನ್ನು ನಾನು ಕಳೆದುಕೊಂಡು ಕಲಿತವನು. ನಾಲ್ಕೈದು ವರ್ಷದ ಹಿಂದೆ ಅವಸರದಲ್ಲಿ ಎಲ್ಲ ಸಾಲಿಗೂ ಟಿಕ್ ಹಾಕಿ ‘ರಿಮೂವ್ ಫೈಲ್ಸ್’ ಒತ್ತಿದ್ದೆ. ಸ್ಕ್ಯಾನ್ ಮಾಡಿ ಇಟ್ಟಿದ್ದ ಮನೆ ಬಾಡಿಗೆ ಕರಾರು, ಅಪ್ಪನ ಪಿಂಚಣಿ ಕಾಗದ ಎರಡೂ ಹೋದವು. ರೀಸೈಕಲ್ ಬಿನ್ ನೋಡಿದರೆ ಅದೂ ಖಾಲಿ, ಅದಕ್ಕೂ ಟಿಕ್ ಹಾಕಿದ್ದೆ. ಕರಾರಿನ ಜೆರಾಕ್ಸ್ ಕೇಳಿಕೊಂಡು ಮತ್ತೆ ಮನೆ ಮಾಲೀಕರ ಬಾಗಿಲಿಗೆ ಹೋದೆ.

ಇದೇ ಪಟ್ಟಿಯಲ್ಲಿ ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್ಸ್’ ಅಂತ ಕಂಡರೆ ಲಾಟರಿ ಹೊಡೆದ ಹಾಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ತುಂಬಾ ಜನ 11ಕ್ಕೆ ಏರಿದ್ದಾರೆ. ಏರಿದಾಗ ಹಳೆಯ ವಿಂಡೋಸನ್ನು ಅದು ಮೂಲೆಯಲ್ಲಿ ಇಟ್ಟುಕೊಂಡಿರುತ್ತದೆ, ವಾಪಸ್ ಹೋಗಬೇಕು ಎಂದರೆ ಇರಲಿ ಅಂತ. ಸಾಮಾನ್ಯವಾಗಿ 10 ದಿನದ ಮೇಲೆ ತಾನೇ ಅಳಿಸಿಕೊಳ್ಳುತ್ತದೆ. ನಮ್ಮ ಹುಡುಗಿ ಅಪ್‌ಗ್ರೇಡ್ ಮಾಡಿ ಒಂದು ವಾರ ಅಷ್ಟೇ ಆಗಿತ್ತು. ಹೊಸದು ಸರಿಯಾಗಿ ನಡೆಯುತ್ತಿದೆ, ನಿಮ್ಮ ಫೈಲ್‌ಗಳೆಲ್ಲ ಇದ್ದ ಜಾಗದಲ್ಲೇ ಇವೆ ಎಂದು ನೋಡಿಕೊಂಡು ಅದಕ್ಕೆ ಟಿಕ್ ಹಾಕಿ. ಒಂದೇ ಏಟಿಗೆ 21 ಜಿಬಿ ಸಿಕ್ಕಿತು. ಅಳಿಸಿದ ಮೇಲೆ ಹಳೇ ವಿಂಡೋಸ್‌ಗೆ ಮರಳುವ ದಾರಿ ಇಲ್ಲ, ಅದು ನೆನಪಿರಲಿ.

ಮದುವೆ ವಿಡಿಯೊ ಎಂಬ ಆನೆ

ನಮ್ಮ ಕಡೆ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ. ಅರಿಶಿನ, ಅಕ್ಕಿಕಾಳು, ಮೆರವಣಿಗೆ, ಊಟದ ಪಂಕ್ತಿ. ಫೋಟೊಗ್ರಾಫರ್ ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದನ್ನು ಇವಳು ಡೆಸ್ಕ್‌ಟಾಪ್‌ಗೆ ಹಾಕಿದ್ದಳು. ಅದು ಗೊತ್ತಿಲ್ಲದೆ ತಮ್ಮ ಮತ್ತೊಂದು ಸಲ ವಿಡಿಯೋಸ್ ಫೋಲ್ಡರ್‌ಗೆ ಹಾಕಿದ್ದ. ಫೋಲ್ಡರ್ ಮೇಲೆ ಬಲಗಡೆ ಬಟನ್ ಒತ್ತಿ ಪ್ರಾಪರ್ಟೀಸ್ ನೋಡಿದೆವು. ಅಲ್ಲೂ 38, ಇಲ್ಲೂ 38. ಫೈಲ್‌ಗಳ ಸಂಖ್ಯೆಯೂ ಒಂದೇ. ಎರಡರಲ್ಲೂ ನಾಲ್ಕಾರು ವಿಡಿಯೊ ತೆರೆದು ನೋಡಿ ಒಂದನ್ನು ಅಳಿಸಿದೆವು.

ಉಳಿದ ಒಂದು ಪ್ರತಿ ಲ್ಯಾಪ್‌ಟಾಪ್‌ನಲ್ಲಿ ಏಕಿರಬೇಕು? ವರ್ಷಕ್ಕೊಮ್ಮೆ ನೋಡುವುದು. ಅದನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಸಾಗಿಸಿದೆವು. ಇಲ್ಲಿ ಮೂರು ಕಡೆ ಜನ ಎಡವುತ್ತಾರೆ.

‘ಕಟ್’ ಮಾಡಬೇಡಿ, ‘ಕಾಪಿ’ ಮಾಡಿ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು, ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ಹತ್ತು ನಿಮಿಷವೂ ನಿಲ್ಲುವುದಿಲ್ಲ. ನಡುವೆ ನಿಂತರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಕಾಪಿ ಆದ ಮೇಲೆ ಡಿಸ್ಕ್ ಎಜೆಕ್ಟ್ ಮಾಡಿ, ವೈರ್ ತೆಗೆದು, ಮತ್ತೆ ಚುಚ್ಚಿ, ಮೊದಲಿನದ್ದೊಂದು, ನಡುವಿನದ್ದೊಂದು, ಕೊನೆಯದ್ದೊಂದು ವಿಡಿಯೊ ಓಡಿಸಿ ನೋಡಿ. ಆಮೇಲೆ ಲ್ಯಾಪ್‌ಟಾಪ್‌ನಿಂದ ಅಳಿಸಿ.

ಎರಡನೆಯದು ಪೆನ್‌ಡ್ರೈವ್ ತಕರಾರು. 64 ಜಿಬಿ ಪೆನ್‌ಡ್ರೈವ್ ಖಾಲಿ ಇದೆ, ಆದರೂ 6 ಜಿಬಿಯ ಒಂದು ವಿಡಿಯೊ ಹಾಕಲು ಹೋದರೆ ಫೈಲ್ ತುಂಬಾ ದೊಡ್ಡದು ಎನ್ನುತ್ತದೆ. ಪೆನ್‌ಡ್ರೈವ್ ಕೆಟ್ಟಿಲ್ಲ. ಅದು ಫ್ಯಾಟ್ 32 ಪದ್ಧತಿಯಲ್ಲಿದೆ, ಆ ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಅದರಲ್ಲಿ ಇರುವುದನ್ನು ಬೇರೆ ಕಡೆ ಇಟ್ಟುಕೊಂಡು ‘ಎಕ್ಸ್‌ಫ್ಯಾಟ್’ಗೆ ಫಾರ್ಮ್ಯಾಟ್ ಮಾಡಿ. ಹೌದು, ಇಲ್ಲಿ ಮಾತ್ರ ಫಾರ್ಮ್ಯಾಟ್ ಸರಿ. ಆದರೆ ಆಯ್ಕೆ ಮಾಡುವಾಗ ಡ್ರೈವ್‌ನ ಅಕ್ಷರ ಎರಡು ಸಲ ನೋಡಿ.

ಮೂರನೆಯದು, ಹೊರಗಿನ ಡಿಸ್ಕ್ ಕೂಡ ಒಂದು ದಿನ ಕೆಡುತ್ತದೆ. ಕೈಯಿಂದ ಜಾರಿ ಬಿದ್ದರೆ ಅವತ್ತೇ. ಆ ಫೋಟೊಗ್ರಾಫರ್ ಕೊಟ್ಟ ಪೆನ್‌ಡ್ರೈವನ್ನು ತಮ್ಮ ಹಾಡು ತುಂಬಿಸಲು ಬಳಸುವ ಮೊದಲೇ ಕಸಿದು ಅಕ್ಕನ ಬೀರುವಿನಲ್ಲಿ ಇಡಿಸಿದೆ. ಈಗ ಎರಡು ಪ್ರತಿ ಎರಡು ಕಡೆ ಇವೆ.

ಮೊಬೈಲ್‌ನಿಂದ ಇಳಿಸಿದ ವಿಡಿಯೊಗಳದ್ದೂ ಇದೇ ಕಥೆ. 4ಕೆ ಗುಣಮಟ್ಟದಲ್ಲಿ ತೆಗೆದರೆ ಒಂದು ನಿಮಿಷಕ್ಕೆ 300 ಎಂಬಿ ದಾಟುವುದು ದೊಡ್ಡ ಮಾತಲ್ಲ. ಎಳ್ಳ ಅಮಾಸಿಗೆ ಹೊಲಕ್ಕೆ ಹೋದಾಗ ಚರಗ ಚೆಲ್ಲಿದ್ದು, ಭಜ್ಜಿ ಬಡಿಸಿದ್ದು ನಾಲ್ಕು ಜನ ನಾಲ್ಕು ಮೊಬೈಲ್‌ನಲ್ಲಿ ಹಿಡಿದಿರುತ್ತಾರೆ. ಭಜ್ಜಿ ಪಾತ್ರೆ ಒಂದೇ. ಚೆನ್ನಾಗಿ ಬಂದದ್ದು ಒಂದನ್ನು ಇಟ್ಟುಕೊಂಡರೆ ಸಾಕಲ್ವಾ?

ಡೌನ್‌ಲೋಡ್ಸ್ ಒಳಗೆ

ಇಲ್ಲಿ ಯಂತ್ರವನ್ನು ನಂಬಬೇಡಿ, ನೀವೇ ಕೂರಿ. ಫೋಲ್ಡರ್ ತೆರೆದು ‘ವ್ಯೂ’ನಲ್ಲಿ ಡೀಟೇಲ್ಸ್ ಆರಿಸಿ, ಸೈಜ್ ಎಂಬಲ್ಲಿ ಒತ್ತಿ. ದೊಡ್ಡವು ಮೇಲೆ ಬರುತ್ತವೆ. ಮೊದಲ ಇಪ್ಪತ್ತು ಫೈಲ್ ನೋಡಿದರೆ ಮುಕ್ಕಾಲು ಕೆಲಸ ಮುಗಿದಂತೆ. ಇವಳದ್ದರಲ್ಲಿ ಮೇಲಿದ್ದವು ಮುಗಿದುಹೋದ ಪರೀಕ್ಷೆಯ ಆನ್‌ಲೈನ್ ಕ್ಲಾಸ್ ವಿಡಿಯೊಗಳು, ಆಗಲೇ ಇನ್‌ಸ್ಟಾಲ್ ಆಗಿದ್ದ ಪ್ರೋಗ್ರಾಂಗಳ ಸೆಟಪ್ ಫೈಲ್‌ಗಳು, ಬಿಚ್ಚಿ ಬಿಟ್ಟ ಜಿಪ್‌ಗಳು. 41ರಿಂದ 10ಕ್ಕೆ ಇಳಿಯಿತು.

ಕೆಳಗಡೆ ಸಣ್ಣ ಫೈಲ್‌ಗಳ ರಾಶಿಯಲ್ಲಿ 371ಜೆ ಸರ್ಟಿಫಿಕೇಟ್ (ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದದ್ದು) ಒಂಬತ್ತು ಸಲ ಇತ್ತು. ಒಂದು, ಎರಡು, ಮೂರು ಅಂತ ಬ್ರ್ಯಾಕೆಟ್‌ನಲ್ಲಿ ಅಂಕಿ ಸೇರಿಸಿಕೊಂಡು. ಪ್ರತಿ ಅರ್ಜಿಗೂ ಹೊಸದಾಗಿ ಇಳಿಸಿದ್ದಳು. ಇದರಿಂದ ಜಾಗವೇನೂ ಉಳಿಯುವುದಿಲ್ಲ, ಆದರೆ ಅರ್ಜಿಯ ಕೊನೇ ದಿನ ರಾತ್ರಿ ಯಾವುದು ಸರಿಯಾದದ್ದು ಎಂದು ಹುಡುಕುವ ಪರದಾಟ ತಪ್ಪುತ್ತದೆ. ಜಾತಿ, ಆದಾಯ, 371ಜೆ, ಅಂಕಪಟ್ಟಿ, ಪಹಣಿ ಎಲ್ಲಕ್ಕೂ ಡಾಕ್ಯುಮೆಂಟ್ಸ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಅದರ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲೂ ಇಡಿ.

ಫೈಲ್‌ಗಳನ್ನು ಇಂಟರ್ನೆಟ್‌ನಲ್ಲೂ ಇಡುವ ಒನ್‌ಡ್ರೈವ್ ಬಳಸುವವರು ಒಂದು ವಿಷಯ ತಿಳಿದಿರಬೇಕು. ಒನ್‌ಡ್ರೈವ್ ಫೋಲ್ಡರ್‌ನಲ್ಲಿ ಫೈಲ್ ಡಿಲೀಟ್ ಮಾಡಿದರೆ ಲ್ಯಾಪ್‌ಟಾಪ್‌ನಲ್ಲಿ ಮಾತ್ರವಲ್ಲ, ಆನ್‌ಲೈನ್‌ನಲ್ಲೂ ಅಳಿಯುತ್ತದೆ. ಜಾಗ ಮಾತ್ರ ಬೇಕಿದ್ದರೆ ಬಲಗಡೆ ಬಟನ್ ಒತ್ತಿ ‘ಫ್ರೀ ಅಪ್ ಸ್ಪೇಸ್’ ಆರಿಸಿ. ಫೈಲ್‌ನ ಹೆಸರು ನೀಲಿ ಮೋಡದ ಗುರುತಿನೊಂದಿಗೆ ಉಳಿಯುತ್ತದೆ, ಒಳಗಿನದ್ದು ಇಂಟರ್ನೆಟ್‌ನಲ್ಲಿರುತ್ತದೆ. ತೆರೆಯಬೇಕೆಂದರೆ ನೆಟ್ ಬೇಕು. ಸಂದರ್ಶನಕ್ಕೆ ಹೊರಟ ದಿನ ಈ ಸಾಹಸ ಬೇಡ. ಉಚಿತವಾಗಿ ಸಿಗುವುದು ಬರೀ 5 ಜಿಬಿ, ಮದುವೆ ವಿಡಿಯೊ ಅಲ್ಲಿ ಹಿಡಿಸುವುದಿಲ್ಲ.

ತೆಗೆಯಬಹುದಾದ್ದು, ಮುಟ್ಟಬಾರದ್ದು

ಸೆಟ್ಟಿಂಗ್ಸ್‌ನ ಆ್ಯಪ್ಸ್, ಅದರಲ್ಲಿ ಇನ್‌ಸ್ಟಾಲ್ಡ್ ಆ್ಯಪ್ಸ್. ಅಳತೆಯ ಪ್ರಕಾರ ಜೋಡಿಸಿ, ಬೇಡದ್ದನ್ನು ಅಲ್ಲಿಂದಲೇ ಅನ್‌ಇನ್‌ಸ್ಟಾಲ್ ಮಾಡಿ. ಫೋಲ್ಡರ್ ಹುಡುಕಿ ಅಳಿಸಬೇಡಿ, ಬೇರು ಉಳಿಯುತ್ತದೆ. ಹೆಸರು ಗೊತ್ತಿಲ್ಲದ ಪ್ರೋಗ್ರಾಂ ಕಂಡರೆ ಹಾಗೇ ಬಿಡಿ, ಅದು ಸೌಂಡ್‌ಗೋ ಟಚ್‌ಪ್ಯಾಡ್‌ಗೋ ಸಂಬಂಧಿಸಿದ್ದಿರಬಹುದು. ಕನ್ನಡ ಟೈಪ್ ಮಾಡುವ ‘ನುಡಿ’ ತೆಗೆಯಲು ಹೋಗಬೇಡಿ. ಅದು ಹಿಡಿಯುವ ಜಾಗ ಚಿಟಿಕೆಯಷ್ಟು. ಅದರ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಅರ್ಜಿ, ಠರಾವುಗಳು ಫಾಂಟ್ ಇಲ್ಲದಿದ್ದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಚೌಕಾಬಾರದಂತೆ ಕಾಣುತ್ತವೆ.

ವಿಂಡೋಸ್ ಎಂಬ ಫೋಲ್ಡರ್ ಒಳಗೆ ಕೈ ಹಾಕಬೇಡಿ. ಅಲ್ಲಿ ‘ವಿನ್‌ಎಸ್‌ಎಕ್ಸ್‌ಎಸ್’ ಎಂಬುದು ಹಲವು ಜಿಬಿ ತೋರಿಸಿ ಆಸೆ ಹುಟ್ಟಿಸುತ್ತದೆ. ಅದನ್ನು ಕೈಯಿಂದ ಅಳಿಸಿದರೆ ಲ್ಯಾಪ್‌ಟಾಪ್ ಏಳದೇ ಹೋಗಬಹುದು, ಆಗ ನಿಜವಾಗಿಯೂ ಫಾರ್ಮ್ಯಾಟ್ ಮಾಡಬೇಕಾಗುತ್ತದೆ. ಇನ್ನು ‘ನಿಮ್ಮ ಪಿಸಿ ಅಪಾಯದಲ್ಲಿದೆ, ಒಂದೇ ಕ್ಲಿಕ್‌ನಲ್ಲಿ ಸ್ವಚ್ಛ’ ಎಂದು ಎಗರಿ ಬರುವ ಜಾಹೀರಾತುಗಳು. ಅವುಗಳ ಪ್ರೋಗ್ರಾಂ ಇಳಿಸಿದರೆ ಇರುವ ಜಾಗವೂ ಹೋಗುತ್ತದೆ. ವಿಂಡೋಸ್‌ನಲ್ಲಿ ಇರುವುದೇ ಸಾಕು.

ಎಷ್ಟು ಖಾಲಿ ಇರಬೇಕು? ನನ್ನ ಲೆಕ್ಕದಲ್ಲಿ ಡ್ರೈವ್‌ನ ಐದನೇ ಒಂದು ಭಾಗ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬರುವ ವೇಗದ ಡ್ರೈವ್, ಅಂದರೆ ಎಸ್‌ಎಸ್‌ಡಿ, ಅಂಚಿನವರೆಗೆ ತುಂಬಿದರೆ ನಿಧಾನವಾಗುತ್ತದೆ, ದೊಡ್ಡ ಅಪ್‌ಡೇಟ್‌ಗಳಿಗೂ ಉಸಿರಾಡಲು ಜಾಗ ಬೇಕು.

ಮತ್ತೆ ತುಂಬದಿರಲಿ ಅಂತ ಕೊನೆಗೆ ಸ್ಟೋರೇಜ್ ಪುಟದಲ್ಲೇ ಇರುವ ಸ್ಟೋರೇಜ್ ಸೆನ್ಸ್ ಆನ್ ಮಾಡಿಕೊಟ್ಟೆ. ತಿಂಗಳಿಗೊಮ್ಮೆ ಓಡಲಿ, ಬಿನ್‌ನಲ್ಲಿ 30 ದಿನ ದಾಟಿದ್ದನ್ನು ತೆಗೆಯಲಿ. ಡೌನ್‌ಲೋಡ್ಸ್ ಎಂಬ ಸಾಲಿಗೆ ಮಾತ್ರ ‘ನೆವರ್’. ವಾಟ್ಸಾಪ್ ಲ್ಯಾಪ್‌ಟಾಪ್‌ನಲ್ಲಿದ್ದರೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ ವಿಡಿಯೊ ತಾನೇ ಇಳಿಯುವುದನ್ನು ಆಫ್ ಮಾಡಿ.

ಚೀಟಿಯಲ್ಲಿ ಒಂದೇ ಸಾಲು ಹೊಡೆಯದೆ ಉಳಿದಿತ್ತು: ತಮ್ಮನ ಗೇಮ್, 34 ಜಿಬಿ. ಅವನಿಗೆ ಫೋನ್ ಹಚ್ಚಿದಳು. ‘ಯಕ್ಕಾ, ಪರೀಕ್ಷೆ ನಿಂದು, ರಜಾ ನಂದು’ ಎಂದ. 144 ಜಿಬಿ ಖಾಲಿ ಇದ್ದುದರಿಂದ ನಾನು ನಡುವೆ ಬಾಯಿ ಹಾಕಲಿಲ್ಲ.