ಗ್ಲೂಕೋಸ್ ನೀರು, ಎರಡು ತಾಸು, ಒಂದು ಅಂಕಿ: ತುಂಬು ಬಸುರಿಯ ಶುಗರ್ ಪರೀಕ್ಷೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಚೊಚ್ಚಲ ಬಸುರಿಗೆ ಕುಬಸ (ಸೀಮಂತ) ಮುಗಿಯಿತೆಂದರೆ ತವರಿನವರು ಕರೆದೊಯ್ಯುತ್ತಾರೆ. ಶುಗರ್ ಪರೀಕ್ಷೆಯ ಮುಖ್ಯ ಸುತ್ತು ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, 24ರಿಂದ 28ನೇ ವಾರದೊಳಗೆ. ಗಂಡನ ಊರಲ್ಲಿ "ತವರಿಗೆ ಹೋಗ್ಯಾಳ, ಅಲ್ಲೇ ಮಾಡಿಸ್ತಾರ" ಅನ್ನುತ್ತಾರೆ. ತವರಲ್ಲಿ "ಅಲ್ಲೇ ಮಾಡಿಸಿರ್ತಾರ" ಅನ್ನುತ್ತಾರೆ. ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿ, ಎಂಟನೇ ತಿಂಗಳಲ್ಲಿ ಊರಿಗೆ ಮರಳುವವರ ಪಾಲಿಗೆ ಎರಡೂ ಇಲ್ಲ. ಹಾಗಾಗಿ ಮೊದಲ ಕೆಲಸ, ತಾಯಿ ಕಾರ್ಡ್ ತೆಗೆದು ನೋಡುವುದು. "ನಾರ್ಮಲ್ ಅಂದಿದ್ರು" ಅನ್ನುವ ಬಾಯಿಮಾತು ಲೆಕ್ಕಕ್ಕಿಲ್ಲ. ಗ್ಲೂಕೋಸ್ ಕುಡಿಸಿ ಮಾಡಿದ ಪರೀಕ್ಷೆಯ ದಿನಾಂಕ ಮತ್ತು ಅಂಕಿ ಬರೆದಿರಬೇಕು. ಇಲ್ಲದಿದ್ದರೆ ಪರೀಕ್ಷೆ ಆಗಿಲ್ಲವೆಂದೇ ತಿಳಿಯಿರಿ.

ಸರಕಾರಿ ನಿಯಮದಂತೆ ಪ್ರತಿ ಬಸುರಿಗೂ ಎರಡು ಸಲ ಪರೀಕ್ಷೆ: ಹೆಸರು ನೋಂದಾಯಿಸುವ ಮೊದಲ ಭೇಟಿಯಲ್ಲಿ ಒಮ್ಮೆ, ಅದು ಸರಿಯಿದ್ದರೆ 24–28ನೇ ವಾರದಲ್ಲಿ ಇನ್ನೊಮ್ಮೆ. ಎರಡರ ನಡುವೆ ಕನಿಷ್ಠ 4 ವಾರ ಅಂತರ ಬೇಕು. 28 ವಾರ ದಾಟಿ ಮೊದಲ ಸಲ ಬಂದವರಿಗೆ ಒಂದೇ ಪರೀಕ್ಷೆ, ಬಂದ ದಿನವೇ. 32ನೇ ವಾರವಾಗಲಿ 35 ಆಗಲಿ, "ಈಗ್ಯಾಕ, ಇನ್ನೇನು ಹೆರಿಗೆ ಬಂತು" ಅಂತ ಬಿಡುವಂತಿಲ್ಲ. ಕೂಸು ಭರ್ತಿ ತೂಕ ಹಾಕುವುದೇ ಈ ಕೊನೆಯ ವಾರಗಳಲ್ಲಿ.

ಮೂರನೇ ತಿಂಗಳಲ್ಲಿ ಸರಿಯಿದ್ದ ಶುಗರ್ ಏಳರಲ್ಲಿ ಏರಲು ಕಾರಣ ಮಾಸು. ಅದು ಬಿಡುವ ಹಾರ್ಮೋನುಗಳು ತಾಯಿಯ ಮೈಯಲ್ಲಿ ಇನ್ಸುಲಿನ್ ಕೆಲಸ ಮಾಡದಂತೆ ಅಡ್ಡ ನಿಲ್ಲುತ್ತವೆ. ಮಾಸು ಬೆಳೆದಂತೆ ಅಡ್ಡಿಯೂ ಬೆಳೆಯುತ್ತದೆ. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಿ ಸರಿದೂಗಿಸಿದರೆ ಸರಿ, ಆಗದಿದ್ದರೆ ರಕ್ತದಲ್ಲಿ ಸಕ್ಕರೆ ನಿಲ್ಲುತ್ತದೆ. ಲಕ್ಷಣ ನೋಡಿ ಪತ್ತೆ ಮಾಡುವುದು ಆಗದ ಮಾತು. ನೀರಡಿಕೆ, ಪದೇ ಪದೇ ಮೂತ್ರ, ಸುಸ್ತು, ಇವು ತುಂಬು ಬಸುರಿಗೆ ಶುಗರ್ ಇಲ್ಲದೆಯೂ ಇರುತ್ತವೆ. ಮೂತ್ರದ ಪಟ್ಟಿ ಪರೀಕ್ಷೆಯನ್ನೂ ನೆಚ್ಚಬೇಡಿ. ಬಸುರಿನಲ್ಲಿ ರಕ್ತದ ಶುಗರ್ ಸರಿಯಿದ್ದಾಗಲೂ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳಬಹುದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಇಲ್ಲಿ ಸಾಲದು. ರಕ್ತ ಕಡಿಮೆ ಇದ್ದವರಲ್ಲಿ ಅದರ ಅಂಕಿ ದಾರಿ ತಪ್ಪಿಸುತ್ತದೆ.

ಪರೀಕ್ಷೆಯ ದಿನ

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡುವ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ಆಳಂದ, ಔರಾದ್, ಸುರಪುರದ ಹಳ್ಳಿಗಳಿಂದ ಮುಂಜಾನೆ ಬಸ್ಸು ಹಿಡಿದು ಬರುವ ಹೆಣ್ಣುಮಗಳನ್ನು ಉಪವಾಸ ಕೂರಿಸದಿರುವುದೇ ಇದರ ದೊಡ್ಡ ಅನುಕೂಲ. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ. ಆದರೆ ಅವತ್ತು ಗದ್ದಲವೂ ಇರುತ್ತದೆ, ಬೇಗ ಹೋಗಿ ಮೊದಲು ಗ್ಲೂಕೋಸ್ ಕುಡಿದುಬಿಡಿ. ತೂಕ, ಬಿಪಿ, ವೈದ್ಯರ ತಪಾಸಣೆ ಆ ಎರಡು ತಾಸಿನಲ್ಲಿ ಕೂತಲ್ಲೇ ಮುಗಿಯುತ್ತವೆ.

75 ಗ್ರಾಂ ಗ್ಲೂಕೋಸ್ ಪುಡಿಯನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿ 5ರಿಂದ 10 ನಿಮಿಷದೊಳಗೆ ಪೂರ್ತಿ ಕುಡಿಯಬೇಕು. ಪುಡಿ ತೂಕದ್ದಾಗಿರಬೇಕು. ಅಂದಾಜಿನ ಚಮಚ ಲೆಕ್ಕದಲ್ಲಿ ಹಾಕಿದರೆ 50 ಗ್ರಾಂ ಆಗಬಹುದು, 90 ಆಗಬಹುದು. ಅಲ್ಲಿಗೆ ಅಂಕಿಗೆ ಅರ್ಥವಿಲ್ಲ. 100 ಗ್ರಾಂ ಪೊಟ್ಟಣ ಕೊಟ್ಟರೆ ಪೂರ್ತಿ ಸುರಿಯದೆ ತೂಗಿಸಿ ಹಾಕಿಸಿ. ನೀರು ತಣ್ಣಗಿದ್ದರೆ ವಾಕರಿಕೆ ಕಡಿಮೆ. ಕುಡಿಯಲು ಶುರುಮಾಡಿದ ಸಮಯವನ್ನು ಫೋನಿನಲ್ಲಿ ಅಲಾರಂ ಇಟ್ಟು ಹಿಡಿಯಿರಿ. ರಕ್ತ ತೆಗೆಯುವುದು ಸರಿಯಾಗಿ 2 ತಾಸಿಗೆ, ಒಂದೂವರೆಗೂ ಅಲ್ಲ, ಎರಡೂವರೆಗೂ ಅಲ್ಲ.

30 ನಿಮಿಷದೊಳಗೆ ವಾಂತಿಯಾದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು, ಮರುದಿನ ಮತ್ತೆ ಬರಬೇಕು. ಅರ್ಧ ತಾಸು ಕಳೆದ ಮೇಲೆ ಆದರೆ ಮುಂದುವರಿಸಬಹುದು. ನಡುವೆ ಏನೂ ತಿನ್ನಬೇಡಿ, ನೀರು ಕುಡಿಯಬಹುದು. ಜೊತೆಗೆ ಬಂದ ಅತ್ತೆಯೋ ಅಕ್ಕನೋ ಪಾಪ ಹಸಿದಿದ್ದಾಳೆಂದು ಹೊರಗಿನಿಂದ ಒಂದು ಕಪ್ ಚಹಾ ತಂದುಕೊಡುತ್ತಾರೆ, ಮೇಲೆರಡು ಬಿಸ್ಕತ್ತು. ಪರೀಕ್ಷೆ ಕೆಡುವುದು ಹೆಚ್ಚಾಗಿ ಹೀಗೆ. ಎರಡು ತಾಸು ಓಡಾಡುವುದೂ ಬೇಡ, ನಡೆದರೆ ಅಂಕಿ ಇಳಿಯುತ್ತದೆ.

ಬೆರಳು ಚುಚ್ಚುವ ಮೊದಲು ಕೈಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಗ್ಲೂಕೋಸ್ ಲೋಟ ಹಿಡಿದ ಬೆರಳಿಗೆ ಅಂಟಿದ ಒಂದು ಹನಿ ಸಾಕು, 120 ಇರಬೇಕಾದ್ದು 200 ತೋರಿಸಲು. ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಮೊದಲ ಹನಿ ಒರೆಸಿ ಎರಡನೆಯದನ್ನು ಗ್ಲೂಕೋಮೀಟರ್ ಪಟ್ಟಿಗೆ ಹಿಡಿಸಿ, ಜೋರಾಗಿ ಹಿಂಡಬೇಡಿ. ರಕ್ತವನ್ನು ಟ್ಯೂಬಿನಲ್ಲಿ ಹಿಡಿದು ತಾಲ್ಲೂಕಿನ ಲ್ಯಾಬಿಗೆ ಕಳಿಸುವುದಾದರೆ ಬೂದು ಮುಚ್ಚಳದ ಟ್ಯೂಬೇ ಆಗಬೇಕು. ಬೇರೆ ಟ್ಯೂಬಿನಲ್ಲಿ ತಾಸುಗಟ್ಟಲೆ ಬಿದ್ದಿದ್ದರೆ ರಕ್ತಕಣಗಳೇ ಸಕ್ಕರೆ ತಿಂದು, ಇದ್ದ ಶುಗರ್ ಇಲ್ಲವೆಂದು ವರದಿ ಬರುತ್ತದೆ.

140, 153: ಗೊಂದಲ ಎಲ್ಲಿ

ಖಾಲಿ ಹೊಟ್ಟೆಯ ನಿಯಮವಿಲ್ಲದ ಈ ಒಂದೇ ಹನಿಯ ಪರೀಕ್ಷೆಯಲ್ಲಿ 2 ತಾಸಿನ ಅಂಕಿ 140 ಅಥವಾ ಹೆಚ್ಚಿದ್ದರೆ ಬಸುರಿನ ಶುಗರ್ ಇದೆ ಎಂದು ತೀರ್ಮಾನ. ಖಾಸಗಿ ಲ್ಯಾಬುಗಳಲ್ಲಿ ಹಲವರು ಮೂರು ಸಲ ರಕ್ತ ತೆಗೆಯುತ್ತಾರೆ. ಅದಕ್ಕೆ ರಾತ್ರಿಯಿಡೀ ಉಪವಾಸ ಬೇಕು, ಗ್ಲೂಕೋಸ್ ಅದೇ 75 ಗ್ರಾಂ. ಅಲ್ಲಿನ ಗಡಿ ಬೇರೆ: ಖಾಲಿ ಹೊಟ್ಟೆಗೆ 92, ಒಂದು ತಾಸಿಗೆ 180, ಎರಡು ತಾಸಿಗೆ 153. ಮೂರರಲ್ಲಿ ಯಾವುದೊಂದು ಮುಟ್ಟಿದರೂ ಶುಗರ್ ಇದೆ ಎಂದೇ. 145 ಬಂದವಳಿಗೆ ಒಬ್ಬ ವೈದ್ಯರು ಇದೆ ಎಂದು, ಇನ್ನೊಬ್ಬರು ಇಲ್ಲ ಎಂದು ಹೇಳಿದರೆ ಯಾರೂ ಸುಳ್ಳು ಹೇಳಿಲ್ಲ, ಎರಡು ಅಳತೆಗೋಲು ಬೆರೆತಿವೆ ಅಷ್ಟೇ. ಯಾವ ಪರೀಕ್ಷೆ ಎಂದು ವರದಿಯ ಮೇಲೆ ಬರೆಸಿಕೊಳ್ಳಿ.

140 ಮುಟ್ಟಿದರೆ ಮೊದಲ ಮದ್ದು ಊಟ ಮತ್ತು ನಡಿಗೆ, ಎರಡು ವಾರ. ಆಮೇಲೆ ಊಟ ಶುರುಮಾಡಿದ 2 ತಾಸಿಗೆ ನೋಡಿದಾಗ 120ರೊಳಗೆ ಇದ್ದರೆ ಅದನ್ನೇ ಮುಂದುವರಿಸಿ, ಕೊನೆಯ ಮೂರು ತಿಂಗಳಲ್ಲಿ ವಾರಕ್ಕೊಮ್ಮೆ ನೋಡಿಸುತ್ತಿರಬೇಕು. 120 ಮುಟ್ಟಿದರೆ ವೈದ್ಯರು ಇನ್ಸುಲಿನ್ ಅಥವಾ ಮೆಟ್‌ಫಾರ್ಮಿನ್ ಶುರುಮಾಡುತ್ತಾರೆ. ಮೊದಲ ಅಂಕಿಯೇ 200ರ ಮೇಲಿದ್ದರೆ, ಅಥವಾ 34–35 ವಾರ ಆಗಿಹೋಗಿದ್ದರೆ, ಎರಡು ವಾರ ಕಾಯುವಷ್ಟು ಸಮಯ ಇಲ್ಲ. ಅದೇ ದಿನ ವೈದ್ಯರನ್ನು ಕಾಣಿ. ಮನೆಯಲ್ಲಿ ಅತ್ತೆಗೋ ಮಾವನಿಗೋ ಬರೆದುಕೊಟ್ಟ ಶುಗರ್ ಗುಳಿಗೆಯಲ್ಲಿ ಒಂದು ಎತ್ತಿ ನುಂಗುವುದು ಮಾತ್ರ ಬೇಡ. ಹೆಸರು ಶುಗರ್ ಒಂದೇ ಆದರೂ ಗುಳಿಗೆ ಎಲ್ಲವೂ ಬಸುರಿಗೆ ಆಗಿಬರುವುದಿಲ್ಲ.

ರೊಟ್ಟಿ ಎಷ್ಟು?

"ಜ್ವಾಳದ ರೊಟ್ಟಿ ತಿಂದ್ರ ಶುಗರ್ ಏರಂಗಿಲ್ಲ" ಅನ್ನುವ ನಂಬಿಕೆ ಈ ಭಾಗದಲ್ಲಿ ಗಟ್ಟಿ. ಅರ್ಧ ಮಾತ್ರ ನಿಜ. ಅನ್ನಕ್ಕಿಂತ ನಾರು ಹೆಚ್ಚು, ಏರುವುದು ನಿಧಾನ. ಆದರೆ ಜೋಳವೂ ಪಿಷ್ಟವೇ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಸುಮಾರು 35 ಗ್ರಾಂ ಪಿಷ್ಟ. ಕಟಕ ರೊಟ್ಟಿ ಇನ್ನೂ ಮೋಸ: ಹಗುರ, ತೆಳು, ಕಟುಂ ಕಟುಂ ಅಂತ ಮಾತಾಡುತ್ತಾ ನಾಲ್ಕು ಹೋದದ್ದೇ ಗೊತ್ತಾಗುವುದಿಲ್ಲ. ಒಣಗಿದಾಗ ಹೋದದ್ದು ನೀರು, ಹಿಟ್ಟು ಅಲ್ಲೇ ಇದೆ. ಒಂದೂವರೆಯಿಂದ ಎರಡು ರೊಟ್ಟಿ, ಜೊತೆಗೆ ಗಟ್ಟಿ ತೊಗರಿಬೇಳೆ, ಪುಂಡಿಪಲ್ಯವೋ ಮೆಂತ್ಯಪಲ್ಯವೋ ಬಟ್ಟಲ ತುಂಬ, ಮೊಸರು. ಕೊನೆಗೆ ಅನ್ನ ಬೇಕೇ ಬೇಕೆಂದರೆ ಒಂದು ರೊಟ್ಟಿ ಬಿಡಿ, ಎರಡನ್ನೂ ಪೂರ್ತಿ ಉಣ್ಣಬೇಡಿ.

ದಿನಕ್ಕೆ ಮೂರು ಸಣ್ಣ ಊಟ, ನಡುನಡುವೆ ಮೂರು ಸಲ ಏನಾದರೂ: ಹುರಿದ ಶೇಂಗಾ ಒಂದು ಹಿಡಿ, ಮಜ್ಜಿಗೆ, ಬೇಯಿಸಿದ ಹೆಸರುಕಾಳು, ತತ್ತಿ. ಚುರುಮುರಿ ಸುಸಲಾ ಹಗುರ ಅನಿಸಿದರೂ ಶುಗರನ್ನು ಬೇಗ ಏರಿಸುತ್ತದೆ. ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುವ ಮನೆಯಲ್ಲಿ ಪ್ರತಿ ಕಪ್ಪಿಗೆ ಎರಡು ಚಮಚ ಸಕ್ಕರೆಯೆಂದರೆ ದಿನಕ್ಕೆ 40 ಗ್ರಾಂ. ಬೇರೇನೂ ಬದಲಿಸದೆ ಇದೊಂದನ್ನೇ ನಿಲ್ಲಿಸಿದರೂ ಅಂಕಿ ಇಳಿಯುತ್ತದೆ. ಬೆಲ್ಲ ಬೇರೆಯಲ್ಲ, ಜೇನೂ ಬೇರೆಯಲ್ಲ. ಅಂಗನವಾಡಿಯ ಮಾತೃಪೂರ್ಣ ಊಟದಲ್ಲಿ ತತ್ತಿ, ಹಾಲು, ಬೇಳೆ ನಿಮಗೆ ಒಳ್ಳೆಯದೇ. ಬೆಲ್ಲದ ಶೇಂಗಾ ಚಿಕ್ಕಿಯನ್ನು ಮಾತ್ರ ಬಿಡಿ. ಕುಬಸಕ್ಕೆ ಬಂದವರೆಲ್ಲ ಒಂದೊಂದು ತುತ್ತು ಹೋಳಿಗೆ ಬಾಯಿಗಿಟ್ಟರೆ ಹದಿನೈದು ತುತ್ತು. ತಾಯಿಗೆ ಮೊದಲೇ ಹೇಳಿಟ್ಟರೆ ಶಾಸ್ತ್ರಕ್ಕೆ ಒಂದು ಚೂರು ಸಾಕಾಗುತ್ತದೆ.

ಹೆದರಿ ಊಟ ಬಿಡುವುದು ಇನ್ನೊಂದು ತಪ್ಪು. ಹೊಟ್ಟೆ ಖಾಲಿ ಬಿಟ್ಟರೆ ಮೈ ಕೊಬ್ಬು ಕರಗಿಸಿ ಕೀಟೋನ್ ಹುಟ್ಟಿಸುತ್ತದೆ, ಅದು ಕೂಸಿಗೆ ಒಳ್ಳೆಯದಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಸೋಮವಾರದ ಒಪ್ಪತ್ತು, ರೋಜಾ ಹಿಡಿಯುವ ಮೊದಲು ವೈದ್ಯರನ್ನು ಕೇಳಲೇಬೇಕು. ಉಪವಾಸದ ಸಾಬೂದಾನಿ ಖಿಚಡಿಯಂತೂ ಬರೀ ಪಿಷ್ಟ.

ಬೇಸಿಗೆಯ ಜಳ

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೆಚ್ಚಿನ ಗ್ಲೂಕೋಮೀಟರ್ ಪಟ್ಟಿಗಳನ್ನು 30 ಡಿಗ್ರಿಯೊಳಗೆ ಇಡಬೇಕು. ತಗಡಿನ ಮನೆಯ ಗೂಡಿನಲ್ಲಿಟ್ಟ ಪಟ್ಟಿ ಸುಳ್ಳು ಹೇಳುತ್ತದೆ. ಡಬ್ಬಿಯ ಮುಚ್ಚಳ ತಕ್ಷಣ ಹಾಕಿ. ತೆರೆಯದ ಇನ್ಸುಲಿನ್ ಇರಬೇಕಾದ್ದು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿ, ಬರ್ಫದ ಖಾನೆಯಲ್ಲಲ್ಲ. ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಣ್ಣಿನ ಗಡಿಗೆಯಲ್ಲಿ ನೀರು ತುಂಬಿ, ಅದರೊಳಗೆ ಸಣ್ಣ ಗಡಿಗೆ ಕೂರಿಸಿ, ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಅದರಲ್ಲಿಡಿ. ನೆರಳು, ಗಾಳಿ ಆಡುವ ಜಾಗ ಬೇಕು.

ಇನ್ಸುಲಿನ್ ಚುಚ್ಚಿಕೊಂಡು ಊಟ ತಡವಾದರೆ ಕೈ ನಡುಕ, ಬೆವರು, ಕಣ್ಣು ಕತ್ತಲೆ ಬರುತ್ತದೆ. 70ಕ್ಕಿಂತ ಕೆಳಗಿಳಿದ ಲಕ್ಷಣ ಅದು. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿಗೆ ಹಾಕಿ ಕುಡಿದು 15 ನಿಮಿಷ ಮಲಗಿ, ಮತ್ತೆ ನೋಡಿ, ಆಮೇಲೆ ಊಟ ಮಾಡಿ. ಪ್ರಜ್ಞೆ ತಪ್ಪಿದವಳ ಬಾಯಿಗೆ ಏನೂ ಸುರಿಯಬೇಡಿ, 108ಕ್ಕೆ ಫೋನ್ ಮಾಡಿ.

ಕೊನೆಯ ವಾರಗಳು, ಹೆರಿಗೆ, ಆಮೇಲೆ

ಊಟವಾದ ಮೇಲೆ ಮಗ್ಗುಲಾಗಿ ಮಲಗಿ ಕೂಸಿನ ಒದೆತ ಎಣಿಸಿ. ಎರಡು ತಾಸಿನೊಳಗೆ ಹತ್ತು ಆಗದಿದ್ದರೆ ನಾಳೆ ನೋಡೋಣ ಎನ್ನದೆ ಆಸ್ಪತ್ರೆಗೆ ಹೋಗಿ. ಇನ್ಸುಲಿನ್ ಇರುವಾಗ ಶುಗರ್ ಇದ್ದಕ್ಕಿದ್ದಂತೆ ತಾನಾಗಿ ಇಳಿಯತೊಡಗಿದರೂ ಖುಷಿಪಡಬೇಡಿ, ಮಾಸು ಸೋಲುತ್ತಿರಬಹುದು, ಅಂದೇ ತೋರಿಸಿ. ಶುಗರ್ ಹತೋಟಿಗೆ ಬಾರದಿದ್ದರೆ ಕೂಸು ಅತಿಯಾಗಿ ದಪ್ಪವಾಗಿ ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವ ಅಪಾಯವಿದೆ. ಇಂಥವರು ಶಸ್ತ್ರಚಿಕಿತ್ಸೆ ಮತ್ತು ನವಜಾತ ಶಿಶು ಘಟಕ ಎರಡೂ ಇರುವ ಕಡೆ, ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಆಸ್ಪತ್ರೆಯಲ್ಲಿ, ಮೊದಲೇ ಹೆಸರು ಹಚ್ಚಿಸಿಡುವುದು ಜಾಣತನ.

ಹುಟ್ಟಿದ ಕೂಸಿನ ಶುಗರ್ ಇಳಿಯುವ ಸಂಭವ ಹೆಚ್ಚು, ಹೊಕ್ಕಳಬಳ್ಳಿ ಕತ್ತರಿಸಿದೊಡನೆ ತಾಯಿಯ ಸಕ್ಕರೆ ನಿಂತರೂ ಕೂಸಿನ ಇನ್ಸುಲಿನ್ ನಿಲ್ಲುವುದಿಲ್ಲ. ತಾಸಿನೊಳಗೆ ಎದೆಹಾಲು ಕೊಡಿ, ಜೇನು, ಸಕ್ಕರೆ ನೀರು ನೆಕ್ಕಿಸಬೇಡಿ. ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದು ನೋಡಿದರೆ ಗಾಬರಿ ಬೇಡ; 45ಕ್ಕಿಂತ ಕಡಿಮೆ ಇದೆಯೇ ಎಂದು ನೋಡುತ್ತಾರೆ.

ಹೆರಿಗೆಯಾದ ಮೇಲೆ ಹೆಚ್ಚಿನವರ ಶುಗರ್ ತಾನೇ ಇಳಿಯುತ್ತದೆ. ಇಳಿಯಿತೇ ಎಂದು ನೋಡುವ ಪರೀಕ್ಷೆ ಆರು ವಾರಕ್ಕೆ. ಕೂಸಿನ ಒಂದೂವರೆ ತಿಂಗಳ ಲಸಿಕೆಯೂ ಆಗಲೇ ಇರುವುದರಿಂದ ಎರಡನ್ನೂ ಒಂದೇ ದಿನ ಹಾಕಿಕೊಳ್ಳಿ. ಈ ಸಲ ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಅಂಟಿನ ಉಂಡಿ ಆಮೇಲೆ. ಖಾಲಿ ಹೊಟ್ಟೆಗೆ 126, ಅಥವಾ 75 ಗ್ರಾಂ ಕುಡಿದ 2 ತಾಸಿಗೆ 200 ಮುಟ್ಟಿದರೆ ಶುಗರ್ ಉಳಿದುಕೊಂಡಿದೆ ಎಂದರ್ಥ. ಸರಿಯಿದ್ದರೂ ವರ್ಷಕ್ಕೊಮ್ಮೆ ನೋಡಿಸಿ, ಹಳೆಯ ತಾಯಿ ಕಾರ್ಡನ್ನು ಎಸೆಯದೆ ಮುಂದಿನ ಬಸುರಿನ ಮೊದಲ ಭೇಟಿಗೆ ಜೊತೆಗೊಯ್ಯಿರಿ.