ಸರೋವರದ ದಂಡೆಯಲ್ಲಿ ಶ್ರುತಿ ಕೈಕೊಡದಿರಲಿ

ಪುಣೆಯ ನಮ್ಮ ಬಳಗದಿಂದ ಬೇಸಿಗೆ ಉತ್ಸವಗಳಿಗೆ ಯುರೋಪಿಗೆ ಹೊರಟವರೇ, ಸಂಗೀತ ಕಛೇರಿ ಬಯಲಲ್ಲೋ ಸಭಾಂಗಣದಲ್ಲೋ ಅಂತ ಮೊದಲೇ ಕೇಳಿ. ಸ್ವಿಟ್ಜರ್ಲೆಂಡಿನ ಲುಸರ್ನ್‌ನ ದೊಡ್ಡ ಸಭಾಂಗಣ ನೀರಿನ ಪಕ್ಕದಲ್ಲೇ ಇದೆ, ಆದರೆ ಒಳಗೆ ಗಾಳಿ ತಾಗಲ್ಲ. ಆಸ್ಟ್ರಿಯಾದ ಬ್ರೆಗೆನ್ಜ್‌ನಲ್ಲಿ ವೇದಿಕೆಯೇ ನೀರಿನ ಮೇಲಿದೆ! ಬಯಲಾದರೆ ಕಷ್ಟ ಜಾಸ್ತಿ. ಸಂಜೆ ತಂಪಾಗುತ್ತಿದ್ದಂತೆ ತಂಬೂರಿಯ ತಂತಿ ಬಿಗಿದು ಶ್ರುತಿ ಏರುತ್ತದೆ. ಅದೇ ಹೊತ್ತಿಗೆ ತೇವಕ್ಕೆ ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಎರಡನ್ನೂ ಕೂಡಿಸೋದು ಎಷ್ಟು ಕಷ್ಟ ಅಲ್ವಾ? ವಾದ್ಯಗಳನ್ನು ಅರ್ಧ ಗಂಟೆ ಮೊದಲೇ ವೇದಿಕೆಯಲ್ಲಿಟ್ಟು, ಅಲ್ಲಿನ ಗಾಳಿಗೆ ಒಗ್ಗಿದ ಮೇಲೆಯೇ ಶ್ರುತಿ ಮಾಡಿ. ವಿಮಾನ ಹತ್ತುವ ಮುಂಚೆ ತಂಬೂರಿಯ ತಂತಿ ಸಡಿಲಿಸಿ, ಅದರ ಸೋರೆ ಬುರುಡೆಗೆ ದಪ್ಪ ಹೊದಿಕೆ ಸುತ್ತಿ. ತಬಲಾ ಸುತ್ತಿಗೆಯನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆದುಕೊಂಡುಬಿಡುತ್ತಾರೆ. ತಂಬೂರಿ ತಯಾರಿಕೆಗೆ ಹೆಸರಾದ ಮಿರಜ್‌ನ ತಂತಿ ಎರಡು ಜೊತೆ ಹೆಚ್ಚಿಗೇ ಇರಲಿ.