ಒತೆಲ್ ಎಂದರೆ ಹೋಟೆಲಲ್ಲ: ಪ್ಯಾರಿಸ್ ಪುರಭವನದ ಮುಂದೆ ನಿಂತು ಹೊಸಬರಿಗೆ ನಾಲ್ಕು ಮಾತು

ಪ್ಯಾರಿಸ್ಸಿಗೆ ಬಂದ ಹೊಸದರಲ್ಲಿ ಮೆಟ್ರೊದಲ್ಲಿ ‘ಒತೆಲ್ ದ ವಿಲ್’ ಎಂದು ಕೂಗಿದ್ದು ಕೇಳಿ ನಾನು ಇಳಿದದ್ದು ಹಸಿವಿನಿಂದ. ನಮಗೆ ಹೋಟೆಲ್ ಎಂದರೆ ಇಡ್ಲಿ ವಡೆಯ ಜಾಗವಲ್ಲವೇ? ಮೇಲೆ ಬಂದರೆ ಕಂಡದ್ದು ಅರಮನೆಯಂಥ ಕಟ್ಟಡ, ಎದುರಿಗೆ ಬಟಾಬಯಲು. ‘ಒತೆಲ್’ ಎಂಬುದಕ್ಕೆ ದೊಡ್ಡ ಮನೆ ಎಂಬ ಹಳೆಯ ಅರ್ಥವೂ ಇದೆ. ‘ವಿಲ್’ ಎಂದರೆ ಪಟ್ಟಣ. ಒಟ್ಟಿನಲ್ಲಿ, ಪುರಭವನ, ಅಂದರೆ ನಗರಾಡಳಿತದ ಮನೆ.

ನಿಮ್ಮ ಕಾಗದಪತ್ರದ ಕೆಲಸಕ್ಕೆ ಇಲ್ಲಿಗೆ ಬರಬೇಡಿ. ವಾಸದ ಪರವಾನಗಿಯನ್ನು ನೋಡಿಕೊಳ್ಳುವುದು ಪ್ರಿಫೆಕ್ಚರ್ ಎಂಬ ಕೇಂದ್ರ ಸರ್ಕಾರದ ಸ್ಥಳೀಯ ಕಚೇರಿ. ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸುವುದಕ್ಕೆ, ಮದುವೆಯಾಗುವುದಕ್ಕೆ ನಿಮ್ಮ ಬಡಾವಣೆಯ ‘ಮೆರಿ’, ಅಂದರೆ ವಾರ್ಡಿನ ಪುರಸಭಾ ಕಚೇರಿ, ಇದೆ. ಪುರೋಹಿತರು ಎಷ್ಟೇ ಮಂತ್ರ ಹೇಳಿದರೂ ಮೆರಿಯಲ್ಲಿ ನಡೆಯದ ಮದುವೆಯನ್ನು ಇಲ್ಲಿನ ಕಾನೂನು ಮದುವೆಯೆಂದು ಒಪ್ಪುವುದಿಲ್ಲ.

ಆದರೂ ಒಂದು ಸಂಜೆ ಈ ಬಯಲಿಗೆ ಬಂದು ನಿಲ್ಲಿ. ಮೊದಲು ಇದು ಸೇನ್ ನದಿಯ ಮರಳು, ಜಲ್ಲಿಯ ದಂಡೆ. ಅದಕ್ಕೇ ‘ಗ್ರೆವ್’ ಎಂಬ ಹೆಸರು. ದೋಣಿಗಳಿಂದ ಸೌದೆ, ಧಾನ್ಯ, ದ್ರಾಕ್ಷಾರಸ ಇಳಿಯುತ್ತಿದ್ದ ಈ ಜಾಗದಲ್ಲಿ ಕೂಲಿ ಹುಡುಕುವವರು ಕಾದು ನಿಲ್ಲುತ್ತಿದ್ದರು, ನಮ್ಮೂರುಗಳ ಸರ್ಕಲ್ಲಿನಲ್ಲಿ ಬೆಳಗ್ಗೆ ನಿಲ್ಲುವ ಹಾಗೆಯೇ. ‘ಗ್ರೆವ್’ ಮಾಡುವುದೆಂದರೆ ಕೆಲಸಕ್ಕೆ ಕಾಯುವುದು ಎಂದಿದ್ದದ್ದು ಬರುಬರುತ್ತಾ ಕೆಲಸ ನಿಲ್ಲಿಸುವುದು ಎಂದಾಯಿತು. ರೈಲು ನಿಂತ ದಿನ ಈ ಪದವನ್ನು ನೀವೂ ಕಲಿಯುತ್ತೀರಿ. ಗಲ್ಲು, ಶಿರಚ್ಛೇದಗಳೂ ಇಲ್ಲೇ ನಡೆಯುತ್ತಿದ್ದವು. 1792ರ ಏಪ್ರಿಲ್‌ನಲ್ಲಿ ತಲೆ ಕತ್ತರಿಸುವ ಯಂತ್ರ ಗಿಲೊಟಿನ್ ಮೊದಲ ಬಾರಿಗೆ ಬಿದ್ದದ್ದು ಈ ಬಯಲಿನಲ್ಲಿ.

ವರ್ತಕರ ಮುಖಂಡ ಎತಿಯೆನ್ ಮಾರ್ಸೆಲ್ 1357ರಲ್ಲಿ ಇಲ್ಲಿದ್ದ ‘ಕಂಬಗಳ ಮನೆ’ಯನ್ನು ನಗರಕ್ಕಾಗಿ ಕೊಂಡ. ಮರುವರ್ಷವೇ ಅವನ ಕೊಲೆಯಾಯಿತು. ಈಗ ನದಿಯ ಕಡೆಯ ತೋಟದಲ್ಲಿ ಪ್ರತಿಮೆಯಾಗಿ ಕುದುರೆಯೇರಿ ಕುಳಿತಿದ್ದಾನೆ. 1533ರಲ್ಲಿ ದೊರೆ ಮೊದಲನೆಯ ಫ್ರಾನ್ಸುವಾನ ಕಾಲಕ್ಕೆ ಇಟಲಿಯ ದೊಮೆನಿಕೊ ದ ಕೊರ್ತೊನಾ ಹೊಸ ಭವನ ಶುರುಮಾಡಿದ, ಮುಗಿದದ್ದು 1628ರಲ್ಲಿ. ಸರ್ಕಾರಿ ಕಾಮಗಾರಿ ಎಲ್ಲ ದೇಶದಲ್ಲೂ ಒಂದೇ.

ನೀವು ನೋಡುತ್ತಿರುವುದು ಆ ಭವನವಲ್ಲ. 1871ರ ಮೇ 24ರಂದು, ಬಂಡೆದ್ದ ನಗರದ ಸರ್ಕಾರವಾಗಿದ್ದ ಪ್ಯಾರಿಸ್ ಕಮ್ಯೂನಿನ ಕೊನೆಯ ವಾರದಲ್ಲಿ, ಕಮ್ಯೂನಿನವರು ಅದಕ್ಕೆ ಬೆಂಕಿಯಿಟ್ಟರು. ಗ್ರಂಥಾಲಯ, ದಫ್ತರಗಳ ಜೊತೆಗೆ ನಗರದ ಜನನ, ಮರಣ, ವಿವಾಹಗಳ ಹಳೆಯ ಪುಸ್ತಕಗಳೂ ಬೂದಿಯಾದವು. ಇನ್ನೊಂದು ಪ್ರತಿ ನ್ಯಾಯಾಲಯದ ಕಟ್ಟಡದಲ್ಲಿತ್ತು. ಅದೇ ದಿನಗಳಲ್ಲಿ ಅದೂ ಸುಟ್ಟಿತು. ಮನೆಮನೆಯಲ್ಲಿದ್ದ ಪ್ರತಿ, ಚರ್ಚಿನ ದಾಖಲೆ ಹುಡುಕಿ ಮತ್ತೆ ಬರೆಸಲು ದಶಕಗಳೇ ಹಿಡಿದವು. ಆದರೂ ದೊಡ್ಡ ಪಾಲು ಮರಳಿ ಬರಲಿಲ್ಲ. ಇಲ್ಲಿನ ಕಚೇರಿಗಳು ಒಂದೇ ಕಾಗದವನ್ನು ಮೂರು ಸಲ ಕೇಳುವುದಕ್ಕೆ ಆ ಬೆಂಕಿಯೇ ಕಾರಣವೆಂದು ನನ್ನ ಗುಮಾನಿ, ಪುರಾವೆ ಇಲ್ಲ. ನೀವಂತೂ ಜನನ ಪ್ರಮಾಣಪತ್ರಕ್ಕೆ ಹೊರದೇಶದಲ್ಲಿ ಅದನ್ನು ಅಸಲಿ ಎಂದು ಒಪ್ಪಿಸುವ ಅಪೋಸ್ಟಿಲ್ ಮುದ್ರೆಯನ್ನು ಊರಿನಿಂದ ಹೊರಡುವ ಮೊದಲೇ ಹಾಕಿಸಿ, ಎರಡು ಪ್ರತಿ ಬೇರೆ ಬೇರೆ ಕಡೆ ಇಡಿ.

ಬಾಲು ಮತ್ತು ದೆಪರ್ತ್ ಎಂಬ ವಾಸ್ತುಶಿಲ್ಪಿಗಳು ಮತ್ತೆ ಕಟ್ಟಿದ ಭವನ 1882ರಲ್ಲಿ ತೆರೆಯಿತು. ನಡುವಿನ ಮುಖ ಮಾತ್ರ ಹಳೆಯದರ ಪಡಿಯಚ್ಚು: ಕಡಿದಾದ ಕಪ್ಪು ಸ್ಲೇಟಿನ ಮಾಡು, ಎತ್ತರದ ಚಿಮಣಿಗಳು, ಗಡಿಯಾರ, ಮೇಲೊಂದು ಪುಟ್ಟ ಗಂಟೆಗೋಪುರ. ಒಳಗೆ ಎಲ್ಲವೂ ಹತ್ತೊಂಬತ್ತನೇ ಶತಮಾನದ ಆಡಂಬರ. ನನಗೆ ಒಳಗಿನ ಚಿನ್ನದ ಲೇಪಕ್ಕಿಂತ ಹೊರಗೋಡೆಯೇ ಇಷ್ಟ. ಗೂಡುಗೂಡಿನಲ್ಲಿ ನಿಂತವರು ದೇವರುಗಳಲ್ಲ, ಈ ಊರಿನ ಬರಹಗಾರರು, ಚಿತ್ರಕಾರರು, ವಿಜ್ಞಾನಿಗಳು. ಅವರ ನಡುವೆ ಗಣಿತಜ್ಞ ದಲಾಂಬೇರ್‌ನನ್ನು ಹುಡುಕಿ. ಅವನನ್ನು ಕಡೆದದ್ದು ಮುಂದೆ ಜಗತ್ಪ್ರಸಿದ್ಧನಾದ, ಆಗ ಇನ್ನೂ ಹೆಸರಾಗದಿದ್ದ ಶಿಲ್ಪಿ ರೊದಾಂ. ನಗರಲಾಂಛನದಲ್ಲಿರುವ ಹಡಗು ದೋಣಿವರ್ತಕರ ಮುದ್ರೆಯಿಂದ ಬಂದದ್ದು. ‘ಅಲೆಗೆ ಹೊಯ್ದಾಡುತ್ತದೆ, ಮುಳುಗುವುದಿಲ್ಲ’ ಎಂಬುದು ಅದರ ಲ್ಯಾಟಿನ್ ಬರಹದ ಅರ್ಥ.

ಒಳಗೆ ಹೋಗಲು ಸುಲಭದ ದಾರಿ ಸೆಪ್ಟೆಂಬರ್ ಮೂರನೆಯ ವಾರಾಂತ್ಯದ ಪರಂಪರೆಯ ದಿನಗಳು. ದುಡ್ಡಿಲ್ಲ, ಆದರೆ ಸಾಲು ಉದ್ದ. ಬೆಳಗ್ಗೆ ಬೇಗ ಬನ್ನಿ, ಬುತ್ತಿ ಕಟ್ಟಿಕೊಂಡೇ ಬನ್ನಿ.